ಶುಕ್ರವಾರ, ತಾರೀಖು ಹದಿಮೂರು: ಹಳೆಯದೆಂದು ಹೇಳಿಕೊಳ್ಳುವ ಹೊಸ ಭಯ

ಇಟಲಿಯ ಸಂಗೀತ ಸಂಯೋಜಕ ರೊಸ್ಸಿನಿ ಪ್ಯಾರಿಸ್‌ನಲ್ಲಿ ತೀರಿಕೊಂಡದ್ದು 1868ರ ನವೆಂಬರ್ 13ರಂದು. ಅಂದು ಶುಕ್ರವಾರ. ಮರುವರ್ಷ ಬಂದ ಅವನ ಇಂಗ್ಲಿಷ್ ಜೀವನಚರಿತ್ರೆಯಲ್ಲಿ ಒಂದು ಮಾತಿದೆ: ಅನೇಕ ಇಟಾಲಿಯನ್ನರಂತೆ ರೊಸ್ಸಿನಿಗೂ ಶುಕ್ರವಾರ ಅಶುಭ ವಾರ, ಹದಿಮೂರು ಅಶುಭ ಸಂಖ್ಯೆ, ಅಂಥವನು ಹದಿಮೂರನೇ ತಾರೀಖಿನ ಶುಕ್ರವಾರವೇ ಸತ್ತದ್ದು ಸೋಜಿಗ. ಆ ಲೇಖಕ ಎರಡನ್ನೂ ಬೇರೆ ಬೇರೆಯಾಗಿಯೇ ಹೇಳಿದ್ದಾನೆ. 'ಹದಿಮೂರರ ಶುಕ್ರವಾರ' ಎಂಬ ಒಂದೇ ಭಯ ಆಗಿನ್ನೂ ಜನರ ಬಾಯಿಗೆ ಬಂದಿರಲಿಲ್ಲ. ಅದಕ್ಕೂ ಹಿಂದೆ ಫ್ರೆಂಚ್ ಬರಹಗಳಲ್ಲಿ ಒಂದೆರಡು ಕಡೆ ಈ ಜೋಡಿ ಇಣುಕಿದೆ, ಅಷ್ಟೇ.

ಎರಡು ಭಯಗಳೂ ಬಿಡಿಬಿಡಿಯಾಗಿ ಹಳೆಯವು. ಎರಡನ್ನೂ ಜನ ಕ್ರೈಸ್ತರ ಒಂದೇ ಕಥೆಗೆ ಕಟ್ಟಿದ್ದಾರೆ. ಯೇಸುವನ್ನು ಶಿಲುಬೆಗೇರಿಸಿದ್ದು ಶುಕ್ರವಾರ. ಆದಾಮ ಮತ್ತು ಹವ್ವ ಬೇಡವೆಂದ ಹಣ್ಣು ತಿಂದದ್ದೂ ಶುಕ್ರವಾರವೇ ಎಂದು ಮಧ್ಯಯುಗದವರು ನಂಬಿದರು. ಹೀಗಾಗಿ ಅದು ಉಪವಾಸದ, ಮಾಂಸ ಬಿಡುವ, ದುಃಖದ ದಿನವಾಯಿತು. ನಾವಿಕರು ಅಂದು ಹಡಗು ಬಿಡಲು ಹಿಂಜರಿದರು. ಇಂಗ್ಲೆಂಡ್, ಅಮೆರಿಕಗಳಲ್ಲಿ ಗಲ್ಲಿಗೇರಿಸಲು ಹೆಚ್ಚಾಗಿ ಶುಕ್ರವಾರವನ್ನೇ ಆರಿಸುತ್ತಿದ್ದುದರಿಂದ ಆ ದಿನಕ್ಕೆ ಇನ್ನಷ್ಟು ಕೆಟ್ಟ ಹೆಸರು ಬಂತು. ಅದೇ ಶುಕ್ರವಾರ ಮುಸ್ಲಿಮರಿಗೆ ಜುಮಾ, ವಾರದ ಶ್ರೇಷ್ಠ ದಿನ. ನಮ್ಮಲ್ಲಿ ಲಕ್ಷ್ಮಿಯ ದಿನ. ಬೆಂಗಳೂರಿನ ಕೆಲವು ಎತ್ತರದ ಅಪಾರ್ಟ್‌ಮೆಂಟ್‌ಗಳ ಲಿಫ್ಟ್‌ನಲ್ಲಿ 12ರ ನಂತರ 12ಎ ಬರುತ್ತದೆ, ಆಮೇಲೆ ನೇರ 14. ಅದೇ ಲಿಫ್ಟ್‌ನಲ್ಲಿ ಶುಕ್ರವಾರ ಸಂಜೆ ಮಲ್ಲಿಗೆ ದಂಡೆ ಹಿಡಿದು ಪೂಜೆಗೆ ಹೊರಟವರೂ ಇರುತ್ತಾರೆ. ಆಮದಾದ ಭಯದಲ್ಲಿ ನಾವು ಅರ್ಧವನ್ನಷ್ಟೇ ಇಳಿಸಿಕೊಂಡಿದ್ದೇವೆ!

ಇನ್ನು ಹದಿಮೂರರ ಕಥೆ. ಶಿಲುಬೆಯ ಹಿಂದಿನ ರಾತ್ರಿಯ ಊಟಕ್ಕೆ ಕೂತವರು ಯೇಸು ಮತ್ತು ಹನ್ನೆರಡು ಶಿಷ್ಯರು, ಒಟ್ಟು ಹದಿಮೂರು ಜನ. ಅವರಲ್ಲಿ ಒಬ್ಬ ಯೂದ, ಗುರುವನ್ನೇ ಹಿಡಿದುಕೊಟ್ಟವನು. ಆದ್ದರಿಂದ ಮೊದಮೊದಲು ಜನ ಅಂಜಿದ್ದು ತಾರೀಖಿಗಲ್ಲ, ಪಂಕ್ತಿಗೆ. ಹದಿಮೂರು ಜನ ಒಟ್ಟಿಗೆ ಉಂಡರೆ ವರ್ಷದೊಳಗೆ ಒಬ್ಬರು ಸಾಯುತ್ತಾರೆ ಎಂಬುದು ನಂಬಿಕೆ. 1711ರಲ್ಲಿ ಲಂಡನ್ನಿನ ಸ್ಪೆಕ್ಟೇಟರ್ ಪತ್ರಿಕೆಯಲ್ಲಿ ಪ್ರಬಂಧಕಾರ ಅಡಿಸನ್ ಇದನ್ನು ಲೇವಡಿ ಮಾಡಿದ್ದ. ಕೂಟದಲ್ಲಿ ಹದಿಮೂರು ಜನ ಇರುವುದು ಗೊತ್ತಾಗಿ ಕೆಲವರು ಎದ್ದು ಓಡಲು ಹೊರಟಾಗ, ಗೆಳೆಯನೊಬ್ಬ ಅಲ್ಲಿದ್ದ ಗರ್ಭಿಣಿಯನ್ನು ತೋರಿಸಿ, 'ನಾವು ಹದಿನಾಲ್ಕು, ಸಾಯುವ ಮಾತಿರಲಿ, ಒಬ್ಬರು ಹುಟ್ಟುವ ಸೂಚನೆ ಇದು' ಎಂದನಂತೆ.

ಈ ನಂಬಿಕೆಯಲ್ಲಿ ಒಂದು ಗಣಿತವಿದೆ, ನನಗೆ ಅದೇ ಹೆಚ್ಚು ಇಷ್ಟ. ಆ ಕಾಲದಲ್ಲಿ ವರ್ಷಕ್ಕೆ ಸಾವಿರಕ್ಕೆ 25 ಜನ ಸಾಯುತ್ತಿದ್ದರು ಎಂದಿಟ್ಟುಕೊಳ್ಳಿ. ಆಗ ಹದಿಮೂರು ಜನರ ಪಂಕ್ತಿಯಲ್ಲಿ ವರ್ಷದೊಳಗೆ ಕನಿಷ್ಠ ಒಬ್ಬರು ಸಾಯುವ ಸಾಧ್ಯತೆ ನೂರಕ್ಕೆ 28. ಅಂದರೆ ನಾಲ್ಕು ಪಂಕ್ತಿಗಳಲ್ಲಿ ಒಂದಕ್ಕಾದರೂ ಭವಿಷ್ಯ 'ನಿಜ'ವಾಗುತ್ತದೆ, ಉಳಿದ ಮೂರನ್ನು ಯಾರೂ ನೆನಪಿಡುವುದಿಲ್ಲ. ದೋಷ ಕಳೆಯಲು ಹದಿನಾಲ್ಕನೆಯವರನ್ನು ಕರೆದು ಕೂರಿಸಿದರೆ ಆ ಸಾಧ್ಯತೆ ಇಳಿಯುವುದಿಲ್ಲ, 30ಕ್ಕೆ ಏರುತ್ತದೆ! ಆದರೂ ಪ್ಯಾರಿಸ್‌ನಲ್ಲಿ ಕರೆದಾಗ ಬಂದು ಹದಿನಾಲ್ಕನೆಯವರಾಗಿ ಉಂಡು ಹೋಗುವುದನ್ನೇ ಕಸುಬಾಗಿಸಿಕೊಂಡವರಿದ್ದರು. ಲಂಡನ್ನಿನ ಸವಾಯ್ ಹೋಟೆಲಿನಲ್ಲಿ 1898ರಲ್ಲಿ ಹದಿಮೂರು ಜನರ ಔತಣ ಕೊಟ್ಟ ವಜ್ರದ ವ್ಯಾಪಾರಿ ವುಲ್ಫ್ ಜೋಯೆಲ್, ಕೆಲವೇ ವಾರಗಳಲ್ಲಿ ಜೋಹಾನ್ಸ್‌ಬರ್ಗಿನಲ್ಲಿ ಗುಂಡಿಗೆ ಬಲಿಯಾದ. ಆಮೇಲೆ ಹೋಟೆಲಿನವರು ಹದಿಮೂರು ಜನರ ಮೇಜಿಗೆ ಇನ್ನೊಬ್ಬರನ್ನು ಸೇರಿಸುವ ರೂಢಿ ಮಾಡಿದರು; 1920ರ ದಶಕದಿಂದ ಆ ಕುರ್ಚಿಯಲ್ಲಿ ಕೂರುವುದು ಕ್ಯಾಸ್ಪರ್ ಎಂಬ ಮರದ ಕರಿಬೆಕ್ಕು, ಕೊರಳಿಗೆ ನ್ಯಾಪ್ಕಿನ್ ಕಟ್ಟಿಸಿಕೊಂಡು.

ವಾರವನ್ನೂ ಸಂಖ್ಯೆಯನ್ನೂ ಗಟ್ಟಿಯಾಗಿ ಜೋಡಿಸಿ ಮನೆಮಾತಾಗಿಸಿದ್ದರಲ್ಲಿ ಅಮೆರಿಕದ ಷೇರುಪೇಟೆಗೂ ಪಾಲಿದೆ. 1907ರಲ್ಲಿ ಬಾಸ್ಟನ್ನಿನ ಷೇರು ದಲ್ಲಾಳಿ ಥಾಮಸ್ ಲಾಸನ್, ಇದೇ ದಿನದ ಹೆಸರಿಟ್ಟು ಒಂದು ಕಾದಂಬರಿ ಬರೆದ; ಅದರಲ್ಲೊಬ್ಬ ದಲ್ಲಾಳಿ ಅಂದು ಪೇಟೆಯನ್ನೇ ಉರುಳಿಸುತ್ತಾನೆ. ಅದೇ ಡಿಸೆಂಬರ್ 13ರ ಶುಕ್ರವಾರ ರಾತ್ರಿ, ಲಾಸನ್‌ನ ಹೆಸರನ್ನೇ ಹೊತ್ತ ಏಳು ಪಟಕಂಬಗಳ ಹಡಗು ಇಂಗ್ಲೆಂಡಿನ ಸಿಲ್ಲಿ ದ್ವೀಪಗಳ ಬಳಿ ಬಿರುಗಾಳಿಗೆ ಸಿಕ್ಕಿ ಒಡೆಯಿತು. ಕಾಗೆ ಕೂರುವುದಕ್ಕೂ ಟೊಂಗೆ ಮುರಿಯುವುದಕ್ಕೂ ಸರಿಹೋಯಿತು. ಹಾಗೆ ನೋಡಿದರೆ ಹಡಗು ಒಡೆದದ್ದು ನಡುರಾತ್ರಿ ದಾಟಿದ ಮೇಲೆ, ಅಲ್ಲಿ ಆಗಲೇ ಶನಿವಾರ.

ಭಯ ಹುಟ್ಟಿದ ಮೇಲೆ ಅದಕ್ಕೊಂದು ವಂಶಾವಳಿ ಬೇಕಲ್ಲ? ಫ್ರಾನ್ಸಿನ ದೊರೆ ನಾಲ್ಕನೆಯ ಫಿಲಿಪ್ ಟೆಂಪ್ಲರ್ ಯೋಧಸಂನ್ಯಾಸಿಗಳನ್ನು ಬಂಧಿಸಿದ್ದು 1307ರ ಅಕ್ಟೋಬರ್ 13ರ ಶುಕ್ರವಾರ ಎಂಬುದು ನಿಜ. ಆದರೆ ಅದರಿಂದಲೇ ಈ ಭಯ ಹುಟ್ಟಿತೆಂಬುದು 20ನೇ ಶತಮಾನದವರು ಹಚ್ಚಿದ ತೇಪೆ. ಪ್ರಾಚೀನ ಬ್ಯಾಬಿಲೋನಿನ ದೊರೆ ಹಮ್ಮುರಬಿ ಕಲ್ಲಿನಲ್ಲಿ ಕೆತ್ತಿಸಿದ ಕಾನೂನುಗಳ ಶಾಸನದಲ್ಲಿ ಹದಿಮೂರನೇ ಕಾನೂನನ್ನೇ ಬಿಟ್ಟಿದ್ದಾರೆ ಎನ್ನುವವರಿದ್ದಾರೆ. ಆ ಕಲ್ಲಿನ ಮೇಲೆ ಕಾನೂನುಗಳಿಗೆ ಸಂಖ್ಯೆಗಳೇ ಇಲ್ಲ, ಹಾಕಿದವರು ನಮ್ಮ ಕಾಲದ ವಿದ್ವಾಂಸರು. ಉತ್ತರ ಯೂರೋಪಿನ ನಾರ್ಸ್ ಪುರಾಣದಲ್ಲಿ ದೇವತೆಗಳ ಔತಣಕ್ಕೆ ಹದಿಮೂರನೆಯವನಾಗಿ ನುಗ್ಗಿದ ಕಿಡಿಗೇಡಿ ಲೋಕಿಯ ಕಥೆಯೂ ಹೀಗೇ. ಹಳೆಯ ಕಾವ್ಯದಲ್ಲಿ ಔತಣವಿದೆ, ಲೋಕಿಯಿದ್ದಾನೆ, ಹದಿಮೂರರ ಲೆಕ್ಕ ಮಾತ್ರ ಇಲ್ಲ.

ಗಡಿ ದಾಟಿದರೆ ದಿನವೇ ಬದಲಾಗುತ್ತದೆ. ಸ್ಪೇನಿನಲ್ಲಿ ಹದಿಮೂರರ ಮಂಗಳವಾರಕ್ಕೆ ಅಂಜುತ್ತಾರೆ. ಗ್ರೀಕರಿಗೂ ಮಂಗಳವಾರವೇ, ಅವರ ಸಾಮ್ರಾಜ್ಯದ ರಾಜಧಾನಿಯಾಗಿದ್ದ ಕಾನ್‌ಸ್ಟಾಂಟಿನೋಪಲ್ ತುರ್ಕರ ಕೈಸೇರಿದ್ದು 1453ರ ಮೇ 29ರ ಮಂಗಳವಾರ. ರೊಸ್ಸಿನಿಯ ಇಟಲಿಯಲ್ಲೇ ಇಂದು ಕೆಟ್ಟದೆನಿಸಿಕೊಂಡಿರುವುದು ಹದಿನೇಳರ ಶುಕ್ರವಾರ.

ಹದಿಮೂರರ ಶುಕ್ರವಾರ ನಿಜಕ್ಕೂ ಅವಘಡ ಹೆಚ್ಚೇ? 1993ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನ ಕ್ರಿಸ್ಮಸ್ ಸಂಚಿಕೆಯಲ್ಲಿ ಒಂದು ಲೇಖನ ಬಂತು. ಆರನೇ ತಾರೀಖಿನ ಶುಕ್ರವಾರಗಳಿಗೆ ಹೋಲಿಸಿದರೆ ಹದಿಮೂರರ ಶುಕ್ರವಾರಗಳಂದು ಲಂಡನ್ ಸುತ್ತಿನ ಎಂ25 ಹೆದ್ದಾರಿಯಲ್ಲಿ ವಾಹನಗಳು ತುಸು ಕಡಿಮೆ, ಅಪಘಾತಕ್ಕೊಳಗಾಗಿ ಆಸ್ಪತ್ರೆ ಸೇರಿದವರು ಮಾತ್ರ ಹೆಚ್ಚು ಎಂದಿತು ಅದು. 'ಶೇಕಡಾ 52ರಷ್ಟು ಹೆಚ್ಚು' ಎಂಬ ಸಾಲು ಇಂದಿಗೂ ಓಡಾಡುತ್ತಿದೆ. ಅದರ ಹಿಂದಿರುವುದು ಆರರ ಶುಕ್ರವಾರಗಳಂದು ಆಸ್ಪತ್ರೆ ಸೇರಿದ 45 ಮತ್ತು ಹದಿಮೂರರ ಶುಕ್ರವಾರಗಳಂದು ಸೇರಿದ 65 ಎಂಬ ಎರಡು ಪುಟ್ಟ ಸಂಖ್ಯೆಗಳು. ಆ ಕ್ರಿಸ್ಮಸ್ ಸಂಚಿಕೆ ಹಾಸ್ಯಕ್ಕೆ ಹೆಸರಾದದ್ದು ಎಂಬುದೂ ಬಹಳ ಜನರ ಕಣ್ಣಿಗೆ ಬಿದ್ದಿಲ್ಲ. 2002ರಲ್ಲಿ ಫಿನ್‌ಲ್ಯಾಂಡಿನ ಅಧ್ಯಯನವೊಂದು, ಅಂದು ರಸ್ತೆಯಲ್ಲಿ ಹೆಂಗಸರ ಸಾವು ಹೆಚ್ಚು, ಆತಂಕವೇ ಕಾರಣವಿರಬಹುದು ಎಂದಿತು. ಎರಡು ವರ್ಷ ಕಳೆದು ಅದೇ ದೇಶದ ಬೇರೆ ಸಂಶೋಧಕರು ಗಾಯದ ಅಪಘಾತಗಳನ್ನು ಲೆಕ್ಕ ಹಾಕಿದಾಗ ವ್ಯತ್ಯಾಸವೇ ಸಿಗಲಿಲ್ಲ.

ಕ್ಯಾಲೆಂಡರ್ ಮಾತ್ರ ಈ ದಿನದ ಮೇಲೆ ಕೊಂಚ ಒಲವು ತೋರಿಸಿದೆ. ನಾವೆಲ್ಲ ಬಳಸುವ ಗ್ರೆಗೋರಿಯನ್ ಪಂಚಾಂಗ 400 ವರ್ಷಕ್ಕೊಮ್ಮೆ ವಾರಗಳ ಸಮೇತ ಮರುಕಳಿಸುತ್ತದೆ. ಅಷ್ಟರಲ್ಲಿ 4,800 ಬಾರಿ ಬರುವ ಹದಿಮೂರನೇ ತಾರೀಖು 688 ಸಲ ಶುಕ್ರವಾರಕ್ಕೆ ಬೀಳುತ್ತದೆ. ಬೇರೆ ಯಾವ ವಾರಕ್ಕೂ ಅಷ್ಟು ಸಲವಿಲ್ಲ, ಗುರುವಾರ ಮತ್ತು ಶನಿವಾರಕ್ಕೆ 684 ಮಾತ್ರ. ಒಂದನೇ ತಾರೀಖು ಭಾನುವಾರ ಬಂದ ತಿಂಗಳಲ್ಲೆಲ್ಲ ಹದಿಮೂರು ಶುಕ್ರವಾರವೇ. ಯಾವ ವರ್ಷವೂ ಇದರಿಂದ ತಪ್ಪಿಸಿಕೊಳ್ಳುವುದಿಲ್ಲ. 2026ರಲ್ಲಿ ಮೂರು ಇವೆ: ಫೆಬ್ರುವರಿ, ಮಾರ್ಚ್, ನವೆಂಬರ್.