ಸಖತ್ತಿನಲ್ಲಿ ಸಖ ಇಲ್ಲ

ಹಾಸನದಲ್ಲಿ ಕನ್ನಡ ಪಾಠ ಮಾಡುವ ನನಗೆ ಈ ಪ್ರಶ್ನೆ ಬಿಟ್ಟೂ ಬಿಡದೆ ಬರುತ್ತದೆ. ‘ಮೇಷ್ಟ್ರೇ, ಸಖತ್ ಅನ್ನೋದು ಸಂಸ್ಕೃತದ ಸಖನಿಂದ ಬಂದಿದ್ದು ಅಲ್ವಾ? ಗೆಳೆಯರು ಸೇರಿದಾಗ ಆಗೋ ಖುಷಿ ಅಂತ?’ ಮೊನ್ನೆ ಒಬ್ಬ ಹುಡುಗ ಮೊಬೈಲಿಗೆ ಬಂದ ಇದೇ ವಿವರಣೆಯನ್ನು ಪ್ರಬಂಧಕ್ಕೂ ಇಳಿಸಿದ್ದ. ಜಾಣ ಹುಡುಗ. ಅದಕ್ಕೇ ಬೇಜಾರು ಜಾಸ್ತಿಯಾಯಿತು.

ಸಖತ್ ಬಂದಿರುವುದು ಪಾರಸಿಯ ‘ಸಖ್ತ್’ನಿಂದ, ಉರ್ದು, ಹಿಂದಿಯ ಮೂಲಕ. ಗಟ್ಟಿ, ಕಠಿಣ, ತೀವ್ರ ಅಂತ ಅದರ ಅರ್ಥ.

ಕೇಳಲು ಒಂದೇ ಥರ ಇವೆ ಅಂದಮಾತ್ರಕ್ಕೆ ಎರಡು ಪದ ನೆಂಟರಾಗುವುದಿಲ್ಲ. ಇದನ್ನು ಎಷ್ಟು ಸಲ ಹೇಳಿದರೂ ನನಗೆ ಸಾಲದು. ಎರಡು ದಾರಿ ನೋಡಬೇಕು. ಮೊದಲನೆಯದು ಉಚ್ಚಾರಣೆಯ ದಾರಿ. ಸಖನಿಂದ ಬಂದಿದ್ದರೆ ಕೊನೆಯ ‘ತ್’ ಎಲ್ಲಿಂದ ಬಂತು? ಸಖಿ, ಸಖ್ಯ, ಯಾವುದರಲ್ಲೂ ಅದಿಲ್ಲ. ಸಖ್ತ್‌ನಲ್ಲಿ ಇದೆ. ಪದದ ಕೊನೆಯಲ್ಲಿ ಎರಡು ವ್ಯಂಜನ ಅಂಟಿಕೊಂಡಿದ್ದರೆ ನಮ್ಮ ನಾಲಿಗೆಗೆ ಕಷ್ಟ. ನಡುವೆ ಒಂದು ಸ್ವರ ತೂರಿಸಿ ಬಿಡಿಸಿಕೊಳ್ಳುತ್ತೇವೆ. ‘ಶರ್ತ್’ ನಮ್ಮಲ್ಲಿ ಷರತ್ತು ಆಗಿದೆ, ನೋಡಿ. ಸಖ್ತ್ ಸಖತ್ ಆಗಿದ್ದೂ ಹಾಗೇ. ಕೆಲವರು ಸಕತ್ ಅಂತಾರೆ, ಒತ್ತಿ ಹೇಳುವಾಗ ಸಕ್ಕತ್. ಮಾತಿನಲ್ಲಿ ಎಲ್ಲವೂ ಸರಿಯೇ.

ಎರಡನೆಯದು ಅರ್ಥದ ದಾರಿ. ‘ಸಖತ್ ಏಟು ಬಿತ್ತು’, ‘ಸಖತ್ ಜ್ವರ’ ಅಂತೀವಿ. ಇಲ್ಲಿ ಗೆಳೆತನ ಎಲ್ಲಿದೆ? ಉರ್ದುವಿನಲ್ಲಿ ‘ಸಖ್ತ್ ಗರ್ಮಿ’ ಅಂದರೆ ವಿಪರೀತ ಸೆಕೆ. ನಮ್ಮ ‘ಸಖತ್ ಬಿಸಿಲು’ ಅದರ ಪಕ್ಕದಲ್ಲೇ ಕೂತಿದೆ. ತೀವ್ರ ಅನ್ನುವುದು ಬಹಳ ಅಂತಾಯಿತು. ‘ಸಖತ್ ಚೆನ್ನಾಗಿದೆ’ ಅನ್ನತೊಡಗಿದೆವು. ಆಮೇಲೆ ‘ಚೆನ್ನಾಗಿದೆ’ಯೂ ಬೇಡವಾಯಿತು, ಸುಮ್ನೆ ‘ಸಖತ್!’ ಅಂದರೆ ಸಾಕು. ‘ಭಯಂಕರ ರುಚಿ’ ಅನ್ನುವಾಗ ನಮಗೇನು ಭಯ ಆಗಿರುತ್ತದೆಯೇ? ಹಾಗಂತ ಕಠಿಣ ಅರ್ಥದ ಪದವೆಲ್ಲ ಹೊಗಳಿಕೆಯಾಗುತ್ತದೆ ಅಂತಲ್ಲ. ಒಂದೊಂದು ಪದವನ್ನೂ ಬೇರೆಯಾಗಿಯೇ ನೋಡಬೇಕು.

ಒಮ್ಮೆ ಬೇಕರಿಯಲ್ಲಿ ಟೀ ಕುಡಿಯುತ್ತಿದ್ದೆ. ವಯಸ್ಸಾದ ಸಾಹೇಬರೊಬ್ಬರು ಬನ್ನು ಒತ್ತಿ ನೋಡಿ, ‘ಬಹುತ್ ಸಖ್ತ್ ಹೈ’ ಅಂತ ವಾಪಸ್ ಇಟ್ಟರು. ಪಕ್ಕದಲ್ಲಿದ್ದ ನಮ್ಮ ಕಾಲೇಜಿನ ಹುಡುಗ ಅದೇ ಬನ್ನು ಎರಡು ತಗೊಂಡ. ಅವರು ನಕ್ಕು, ‘ಬೇಡ ಮಗಾ, ಗಟ್ಟಿ ಇದೆ’ ಅಂದರು. ಒಂದು ಪದದ ಹಳೆಯ ಅರ್ಥ, ಹೊಸ ಅರ್ಥ ಒಂದೇ ಮೇಜಿನ ಮುಂದೆ ನಿಂತಿದ್ದವು. ಆ ಘಟನೆಯನ್ನು ಈಗಲೂ ಪ್ರತಿ ವರ್ಷ ತರಗತಿಯಲ್ಲಿ ಹೇಳುತ್ತೇನೆ.

ಪಾರಸಿ ಅಂದ ಕೂಡಲೇ ಕೆಲವರ ಮುಖ ಸಪ್ಪಗಾಗುತ್ತದೆ. ಒಬ್ಬ ತಂದೆಯಂತೂ ‘ಹಾಗಾದ್ರೆ ಮಕ್ಕಳಿಗೆ ಈ ಪದ ಬಿಡಿಸಬೇಕಾ ಸಾರ್?’ ಅಂದರು. ಬೇಡ ಸ್ವಾಮಿ. ನೀವು ದಿನಾ ಹೇಳುವ ರೈತ ಅರಬ್ಬಿಯ ‘ರಈಯತ್’ನಿಂದ ಬಂದವನು. ನಮ್ಮದೇ ಬೇಲೂರು ತಾಲೂಕಿನ ಹಲ್ಮಿಡಿಯಲ್ಲಿ 1936ರಲ್ಲಿ ಪುರಾತತ್ವಜ್ಞ ಎಂ. ಎಚ್. ಕೃಷ್ಣ ಅವರು ಬೆಳಕಿಗೆ ತಂದ ಶಾಸನ ಸುಮಾರು ಕ್ರಿ.ಶ. 450ರದ್ದು. ಅಷ್ಟು ಹಳೆಯ ಕನ್ನಡದಲ್ಲೂ ಸಂಸ್ಕೃತದ ಪದಗಳು ತುಂಬಿವೆ. ಮಂಗಳೂರು, ಉಡುಪಿ ಕಡೆ ಊಟ ಚೆನ್ನಾಗಿದ್ದರೆ ‘ಲಾಯ್ಕ ಉಂಟು’ ಅಂತ ಕೇಳಿಸುತ್ತದೆ. ಅದೂ ಅರಬ್ಬಿಯ ‘ಲಾಯಿಕ್’, ಯೋಗ್ಯ ಅಂತ ಅರ್ಥ. ಅದನ್ನು ಬಿಡಿ ಅಂತ ಅಲ್ಲಿಯ ಅಜ್ಜಿಯರಿಗೆ ಯಾರು ಹೇಳುತ್ತಾರೆ?

ಸಕಲೇಶಪುರದ ಕಾಫಿ ಬೆಳೆಗಾರರೊಬ್ಬರು ಈ ಸಲ ಫೋನ್ ಮಾಡಿ, ‘ಹೂ ಮಳೆ ಸಖತ್ತಾಗಿ ಬಂತು ಮೇಷ್ಟ್ರೇ’ ಅಂದರು. ಹೂ ಮಳೆ ಅಂದರೆ ಕಾಫಿ ಗಿಡ ಹೂ ಬಿಡಲು ಬೇಕಾದ ಮಳೆ. ಅವರ ಬಾಯಲ್ಲಿ ಸಖತ್‌ಗೆ ನಮ್ಮ ‘ಆಗಿ’ ಸೇರಿ ಹೋಗಿತ್ತು.