ಹಾವು ಕಡಿತ: ಗಾಜಿನ ಟ್ಯೂಬು ಮತ್ತು ಜೋತುಬೀಳುವ ರೆಪ್ಪೆ

ಕಾಫಿ ಕೊಯ್ಲಿನ ತಿಂಗಳುಗಳಲ್ಲಿ ಸಕಲೇಶಪುರ, ಮೂಡಿಗೆರೆ ಕಡೆಯಿಂದ ಕ್ಯಾಶುವಾಲ್ಟಿಗೆ ಬರುವವರು ಹೆಚ್ಚಾಗಿ ಹೇಳುವುದು ಇಷ್ಟೇ: "ಏನೋ ಕಚ್ತು, ನೋಡ್ಲಿಲ್ಲ." ಪರವಾಗಿಲ್ಲ. ಹಾವು ಯಾವುದೆಂದು ಗೊತ್ತಿಲ್ಲದೆಯೂ ಚಿಕಿತ್ಸೆ ಶುರುಮಾಡಬಹುದು. ನಮ್ಮಲ್ಲಿ ಸಿಗುವ ಹಾವಿನ ಪ್ರತಿವಿಷವಾದ ಎಎಸ್‌ವಿ ನಾಗರ, ಕಟ್ಟು ಹಾವು, ಕೊಳಕು ಮಂಡಲ, ಗರಗಸ ಮಂಡಲ ಈ ನಾಲ್ಕಕ್ಕೂ ಒಂದೇ. ವಿಷ ಏರಿದೆಯೋ ಇಲ್ಲವೋ ಎಂಬುದನ್ನು ಮಾತ್ರ ರೋಗಿಯ ಮೈಯಿಂದಲೇ ತಿಳಿಯಬೇಕು. ಎಷ್ಟೋ ಕಡಿತಗಳಲ್ಲಿ ವಿಷ ಇಳಿದೇ ಇರುವುದಿಲ್ಲ. ಲಕ್ಷಣವಿಲ್ಲದೆ ಎಎಸ್‌ವಿ ಕೊಡುವಂತಿಲ್ಲ.

ಕೈಕಾಲಿಗೆ ಹಗ್ಗವನ್ನೋ ಪಂಚೆಯನ್ನೋ ಬಿಗಿದುಕೊಂಡು ಬಂದರೆ ಕೂಡಲೇ ಕತ್ತರಿ ಹಾಕಬೇಡಿ. ಒಮ್ಮೆಲೇ ಬಿಚ್ಚಿದರೆ ತಡೆದು ನಿಂತಿದ್ದ ವಿಷ ನುಗ್ಗಿ ಬಿಪಿ ಕುಸಿಯಬಹುದು, ಉಸಿರೂ ನಿಲ್ಲಬಹುದು. ಮೊದಲು ಐವಿ ಲೈನ್, ಪಕ್ಕದಲ್ಲಿ ಅಂಬು ಬ್ಯಾಗ್ (ಕೈಯಿಂದ ಒತ್ತಿ ಉಸಿರು ಕೊಡುವ ಚೀಲ), ಎದುರಿಗೆ ಡಾಕ್ಟರು; ಆಮೇಲೆ ಬಿಚ್ಚುವುದು. ಉಂಗುರ, ಬಳೆ, ಕಾಲುಂಗುರಗಳನ್ನು ಮಾತ್ರ ಆಗಲೇ ತೆಗೆಸಿ, ಊದಿದ ಮೇಲೆ ಅವೇ ಬಿಗಿಪಟ್ಟಿಯಾಗುತ್ತವೆ. ಊತದ ಅಂಚಿಗೆ ಪೆನ್ನಿನಲ್ಲಿ ಗೆರೆ ಎಳೆದು ಪಕ್ಕದಲ್ಲಿ ಸಮಯ ಬರೆಯಿರಿ. ನಾಟಿ ಔಷಧಿ ಮಾಡಿಸಿ ಬಂದವರನ್ನು ಗದರಿದರೆ ಕಚ್ಚಿದ ನಿಜವಾದ ಸಮಯವನ್ನು ಅವರು ಹೇಳುವುದೇ ಇಲ್ಲ.

ಈಗ ಗಾಜಿನ ಟ್ಯೂಬು. ಈ ಪರೀಕ್ಷೆಗೆ ಯಂತ್ರ ಬೇಡ, ಆದರೂ ಕೆಡುವುದು ಇಲ್ಲಿಯೇ. ಹೊಸದಾದ, ಒಣಗಿದ ಗಾಜಿನ ಟ್ಯೂಬಿಗೆ 2 ಮಿ.ಲೀ. ರಕ್ತ ಹಾಕಿ, ಅಲುಗಾಡದಂತೆ 20 ನಿಮಿಷ ನಿಲ್ಲಿಸಿ, ಆಮೇಲೆ ಒಂದೇ ಸಲ ವಾಲಿಸಿ ನೋಡಬೇಕು. ಹರಿದರೆ ರಕ್ತ ಹೆಪ್ಪುಗಟ್ಟಿಲ್ಲ; ಮಂಡಲದ ವಿಷ ಹೆಪ್ಪುಗಟ್ಟಿಸುವ ಅಂಶಗಳನ್ನು ತಿಂದುಹಾಕಿದೆ ಎಂದರ್ಥ. ಪ್ಲಾಸ್ಟಿಕ್ ಟ್ಯೂಬಿನಲ್ಲಿ, ಸೋಪಿನಲ್ಲಿ ತೊಳೆದ ಗಾಜಿನಲ್ಲಿ, ಐದೈದು ನಿಮಿಷಕ್ಕೆ ಎತ್ತಿ ನೋಡಿದ ಟ್ಯೂಬಿನಲ್ಲಿ ಸರಿಯಾದ ರಕ್ತವೂ ಹೆಪ್ಪುಗಟ್ಟದೆ ಉಳಿಯಬಹುದು, ಬೇಡದವರಿಗೆ ಎಎಸ್‌ವಿ ಹೋಗುತ್ತದೆ. ಅನುಮಾನವಿದ್ದರೆ ಅದೇ ಥರದ ಇನ್ನೊಂದು ಟ್ಯೂಬಿಗೆ ಆರೋಗ್ಯವಂತರ ರಕ್ತ ಹಾಕಿ ಪಕ್ಕದಲ್ಲಿಡಿ. ಮೊದಲ ಸಲ ಹೆಪ್ಪುಗಟ್ಟಿದರೆ ನಿಶ್ಚಿಂತೆಯಿಂದ ಕೂರಬೇಡಿ: ಮೊದಲ 3 ಗಂಟೆ ಗಂಟೆಗೊಮ್ಮೆ, ನಂತರ 24 ಗಂಟೆಯವರೆಗೆ 6 ಗಂಟೆಗೊಮ್ಮೆ ಮಾಡಬೇಕು.

ಎಎಸ್‌ವಿ ಮೊದಲ ಡೋಸ್ ಸಾಮಾನ್ಯವಾಗಿ 10 ವಯಲ್ (ಸೀಸೆ). ಮಗುವಿಗೂ ಅಷ್ಟೇ, ಮಗುವೆಂದು ಹಾವು ವಿಷ ಕಡಿಮೆ ಬಿಡುವುದಿಲ್ಲ. ಒಂದೊಂದಕ್ಕೂ 10 ಮಿ.ಲೀ. ಸ್ಟೆರೈಲ್ ವಾಟರ್ ಹಾಕಿ ಮೆಲ್ಲಗೆ ಸುತ್ತಿಸಿ. ಕುಲುಕಿದರೆ ನೊರೆ ಬರುತ್ತದೆ, ಔಷಧಿ ಕೆಡುತ್ತದೆ. ಸೆಲೈನಿಗೆ ಸೇರಿಸಿ ಸುಮಾರು ಒಂದು ಗಂಟೆಯಲ್ಲಿ ಹೋಗುವಂತೆ ಬಿಡುವುದು. ಟೆಸ್ಟ್ ಡೋಸ್ ಬೇಡ, ಅದರಿಂದ ಏನೂ ಗೊತ್ತಾಗುವುದಿಲ್ಲ. ಡ್ರಿಪ್ ಶುರುವಾಗುವ ಮೊದಲೇ, ಅಲರ್ಜಿ ಆದರೆ ಕೊಡಬೇಕಾದ ಅಡ್ರಿನಲಿನ್ 0.5 ಮಿ.ಗ್ರಾಂ (ವಯಸ್ಕರ ಡೋಸ್) ಸಿರಿಂಜಿನಲ್ಲಿ ಎಳೆದಿಟ್ಟಿರಬೇಕು. ಮೊದಲ ಕಾಲು ಗಂಟೆ ಹಾಸಿಗೆ ಬಿಟ್ಟು ಕದಲಬೇಡಿ. ತುರಿಕೆ, ಕೆಮ್ಮು, ವಾಂತಿ, ದದ್ದು ಯಾವುದು ಕಂಡರೂ ಡ್ರಿಪ್ ನಿಲ್ಲಿಸಿ, ತೊಡೆಗೆ ಅಡ್ರಿನಲಿನ್ ಕೊಟ್ಟು ಡಾಕ್ಟರನ್ನು ಕರೆಯಿರಿ. ಸುಧಾರಿಸಿದ ಮೇಲೆ ಎಎಸ್‌ವಿ ನಿಧಾನವಾಗಿ ಮತ್ತೆ ಶುರುವಾಗುತ್ತದೆ, "ಅಲರ್ಜಿ" ಎಂದು ಬರೆದು ಕೈಬಿಡುವ ಔಷಧಿ ಇದಲ್ಲ. ಮತ್ತೆ ರಕ್ತ ನೋಡುವುದು 6 ಗಂಟೆಯ ನಂತರ, ಏಕೆಂದರೆ ಲಿವರ್ ಹೊಸ ಅಂಶಗಳನ್ನು ತಯಾರಿಸಲು ಅಷ್ಟು ಹೊತ್ತು ಬೇಕು.

ರಕ್ತ ಹೆಪ್ಪುಗಟ್ಟದ ರೋಗಿಗೆ ಅಭ್ಯಾಸಬಲದಿಂದ ಟಿಟಿ (ಧನುರ್ವಾಯು ಲಸಿಕೆ) ಚುಚ್ಚುವುದು ನಡೆದೇ ಇರುತ್ತದೆ. ಸ್ನಾಯುವಿನೊಳಗೆ ರಕ್ತ ಕಟ್ಟಿಕೊಳ್ಳುತ್ತದೆ. ರಕ್ತ ಸರಿಹೋಗುವವರೆಗೆ ತಡೆಯಿರಿ. ಡೈಕ್ಲೊಫೆನಾಕ್ ಕೂಡ ಬೇಡ, ನೋವಿಗೆ ಪ್ಯಾರಾಸಿಟಮಾಲ್. ಕೊಳಕು ಮಂಡಲವಾದರೆ ಮೂತ್ರದ ಲೆಕ್ಕ ಗಂಟೆಗಂಟೆಗೂ ಬೇಕು: 60 ಕಿಲೋ ತೂಕದವರಿಗೆ ಗಂಟೆಗೆ 30 ಮಿ.ಲೀ.ಗಿಂತ ಇಳಿದರೆ, ಬಣ್ಣ ಕಪ್ಪಾದರೆ ತಿಳಿಸಿ.

ಮಲೆನಾಡಿಗೆ ಸೇರಿದ ಒಂದು ತೊಡಕೂ ಇದೆ. ತೋಟದ ಎಲೆಗಸದಲ್ಲಿರುವ ಹಂಪ್-ನೋಸ್ಡ್ ಪಿಟ್ ವೈಪರ್ ಎಂಬ ಹಾವು ಆ ನಾಲ್ಕರಲ್ಲಿಲ್ಲ. ಅದರ ವಿಷಕ್ಕೆ ಈ ಎಎಸ್‌ವಿ ಉಪಯೋಗವಿಲ್ಲ. ಡೋಸ್ ಮೇಲೆ ಡೋಸ್ ಹೋದರೂ ರಕ್ತ ಹೆಪ್ಪುಗಟ್ಟದಿದ್ದರೆ ಇದನ್ನು ನೆನಪಿಸಿಕೊಂಡು ಡಾಕ್ಟರಿಗೆ ಹೇಳಿ. ಹಾವಿನ ಫೋಟೋ ಇದ್ದರೆ ಚಿನ್ನ. ಸತ್ತ ಹಾವನ್ನು ತಂದಿದ್ದರೆ ತಲೆ ಮುಟ್ಟಬೇಡಿ, ಸತ್ತ ತಲೆಯೂ ಕಚ್ಚುತ್ತದೆ.

ಕಟ್ಟು ಹಾವಿನ ಕತೆ ಬೇರೆ, ಅದರ ವಿಷ ತಟ್ಟುವುದು ರಕ್ತಕ್ಕಲ್ಲ, ನರಗಳಿಗೆ. ರಾತ್ರಿ ನೆಲದಲ್ಲಿ ಮಲಗಿದವರು ಬೆಳಗ್ಗೆ ಹೊಟ್ಟೆನೋವು, ವಾಂತಿ ಎಂದು ಬರುತ್ತಾರೆ. ಗಾಯ ಕಾಣುವುದಿಲ್ಲ, ಗ್ಯಾಸ್ಟ್ರಿಕ್ ಎಂದು ಇಂಜೆಕ್ಷನ್ ಕೊಟ್ಟು ಕಳಿಸಿಬಿಡುವ ಅಪಾಯ ಇರುವುದು ಇಲ್ಲೇ. "ಮೇಲೆ ನೋಡಿ" ಅನ್ನಿ: ರೆಪ್ಪೆ ಏಳುತ್ತದೆಯೇ? ದಿಂಬಿನಿಂದ ತಲೆ ಎತ್ತಿಸಿ. ಒಂದೇ ಉಸಿರಿನಲ್ಲಿ ಒಂದು, ಎರಡು ಎಂದು ಎಣಿಸಲು ಹೇಳಿ ಬರೆದಿಡಿ. 9 ಗಂಟೆಗೆ 28, 9:30ಕ್ಕೆ 21, 10ಕ್ಕೆ 14 ಎಂದಾದರೆ ಆಕ್ಸಿಜನ್ ಹಚ್ಚಿದ ರೋಗಿಯ ಸ್ಯಾಚುರೇಷನ್ (ರಕ್ತದ ಆಕ್ಸಿಜನ್ ಮಟ್ಟ) 98 ತೋರಿಸುತ್ತಿದ್ದರೂ ಉಸಿರಿನ ಸ್ನಾಯುಗಳು ಸೋಲುತ್ತಿವೆ. ಮಾನಿಟರ್ ಕೂಗುವ ಹೊತ್ತಿಗೆ ತಡವಾಗಿರುತ್ತದೆ. ಇಂಥವರನ್ನು ಸಕಲೇಶಪುರದಿಂದ ಹಾಸನದವರೆಗಿನ ಸುಮಾರು 40 ಕಿ.ಮೀ. ದಾರಿಗೆ ಬರೀ ಮಾಸ್ಕ್ ಹಾಕಿ ಕಳಿಸುವಂತಿಲ್ಲ. ಅಂಬು ಒತ್ತಲು ಬರುವವರೊಬ್ಬರು ಜೊತೆಗಿರಬೇಕು. ಕಚ್ಚಿದ ಸಮಯ, ಟ್ಯೂಬಿನ ಫಲಿತಾಂಶ, ಕೊಟ್ಟ ವಯಲ್, ಎಣಿಕೆಗಳು ರೆಫರಲ್ ಚೀಟಿಯಲ್ಲಿರಲಿ. 2024ರ ಫೆಬ್ರವರಿಯಿಂದ ರಾಜ್ಯದಲ್ಲಿ ಹಾವು ಕಡಿತವನ್ನು ವರದಿ ಮಾಡುವುದು ಕಡ್ಡಾಯ, ಅದನ್ನೂ ಮರೆಯಬೇಡಿ.

ವೆಂಟಿಲೇಟರ್ ಮೇಲಿರುವ ಕಟ್ಟು ಹಾವಿನ ರೋಗಿ ಮಿಸುಕುವುದಿಲ್ಲ. ಪಾಪೆ ಅಗಲವಾಗಿರುತ್ತದೆ, ಬೆಳಕಿಗೆ ಕುಗ್ಗುವುದಿಲ್ಲ. ಮೆದುಳು ಸತ್ತಿದೆ ಎಂದು ಮನೆಯವರಿಗೆ ಹೇಳಿಬಿಡುವ ತಪ್ಪು ಆಗುವುದು ಇಲ್ಲೇ. ವಿಷದಿಂದಾದ ಸ್ನಾಯುಗಳ ಸೋಲು ಪಾಪೆಗೂ ತಟ್ಟಿದೆ ಅಷ್ಟೇ. ಒಳಗೆ ಪೂರ್ತಿ ಎಚ್ಚರ ಇರಬಹುದು, ದಿನಗಳ ನಂತರ ಎದ್ದು ಕೂರಬಹುದು. "ತೆಗೆದುಬಿಡಿ, ಊರಿಗೆ ಒಯ್ಯುತ್ತೇವೆ" ಎಂಬ ಮಾತು ಬಂದರೆ ಮನೆಯವರನ್ನು ಹೊರಗೆ ಕರೆದು, ಇದು ವಾಸಿಯಾಗುವ ಸ್ಥಿತಿ ಎಂದು ಡಾಕ್ಟರಿಂದ ಹೇಳಿಸಿ. ಮುಚ್ಚದ ಕಣ್ಣಿಗೆ ಹನಿ ಹಾಕಿ ರೆಪ್ಪೆಗೆ ಟೇಪ್ ಹಚ್ಚಿ. ಸಕ್ಷನ್ (ಪೈಪಿನಿಂದ ಕಫ ಹೀರಿ ತೆಗೆಯುವುದು) ಮಾಡುವ ಮುಂಚೆ ಹೆಸರು ಹಿಡಿದು ಕರೆದು, "ಈಗ ಗಂಟಲಲ್ಲಿ ಪೈಪ್ ಹಾಕ್ತೀನಿ, ಕೆಮ್ಮು ಬಂದ ಹಾಗಾಗುತ್ತೆ" ಎಂದು ಹೇಳಿ. ಆಮೇಲೆ ಕಾಲಿನ ಹೆಬ್ಬೆರಳು ಅಲ್ಲಾಡಿಸಲು ಹೇಳಿ, ಹೊದಿಕೆ ಸರಿಸಿ ನೋಡಿ.