ತಲೆಗೆ ಪೆಟ್ಟು ಬಿದ್ದವರ ಊಟ

ಬೈಕಿನಿಂದ ಬಿದ್ದು ತಲೆಗೆ ಜೋರು ಪೆಟ್ಟಾದವರು ಐಸಿಯುನಲ್ಲಿ ಕಣ್ಣು ಮುಚ್ಚಿ ಮಲಗಿರುತ್ತಾರೆ. ಕೈಕಾಲು ಅಲ್ಲಾಡುವುದಿಲ್ಲ. ಈ ಮೈಗೆ ಊಟ ಎಷ್ಟು ಬೇಕಾದೀತು ಅಂತ ನೋಡಿದವರಿಗೆ ಅನಿಸುತ್ತದೆ. ನಡೆಯುವುದು ಉಲ್ಟಾ. ಸುಮ್ನೆ ಮಲಗಿದ ಆರೋಗ್ಯವಂತನ ಮೈಗಿಂತ ಈ ಮೈ ಸುಮಾರು ಶೇ 40ರಷ್ಟು ಜಾಸ್ತಿ ಶಕ್ತಿ ಖರ್ಚು ಮಾಡುತ್ತದೆ. ಕೆಲವರಲ್ಲಿ ಇದು ದುಪ್ಪಟ್ಟಾಗುವುದೂ ಉಂಟು. ಮಂಪರಿನ ಔಷಧ ಕೊಟ್ಟಾಗ ಸ್ವಲ್ಪ ಇಳಿಯುತ್ತದೆ.

ಪೆಟ್ಟು ಬಿದ್ದ ಕೂಡಲೇ ಅಡ್ರಿನಲಿನ್, ಕಾರ್ಟಿಸಾಲ್ ಥರದ ಹಾರ್ಮೋನುಗಳು ರಕ್ತದಲ್ಲಿ ಏರುತ್ತವೆ. ಎದೆ ಬಡಿತ ಜೋರಾಗುತ್ತದೆ, ಎಷ್ಟೋ ಜನರಿಗೆ ಜ್ವರವೂ ಬರುತ್ತದೆ. ಹೊರಗಿನಿಂದ ಆಹಾರ ಬರದಿದ್ದರೆ ಮೈ ತನ್ನ ಸ್ನಾಯುವನ್ನೇ ಕರಗಿಸಿಕೊಳ್ಳುತ್ತದೆ. ಕೊಬ್ಬು ಬೇಕಾದಷ್ಟಿದ್ದರೂ ಸ್ನಾಯುವಿಗೆ ಕೈ ಹಾಕುತ್ತದೆ. ಹಿತ್ತಲಲ್ಲಿ ಸೌದೆ ಇರುವಾಗಲೇ ಮನೆಯ ತೊಲೆ ಕಿತ್ತು ಒಲೆಗಿಟ್ಟ ಹಾಗೆ. ತೊಡೆ ಸೊರಗುವುದು ಕಣ್ಣಿಗೆ ಕಾಣುತ್ತದೆ. ಉಸಿರಾಟದ ಸ್ನಾಯುಗಳು ಸೊರಗುವುದು ಕಾಣುವುದಿಲ್ಲ. ಅವು ಸೋತರೆ ವೆಂಟಿಲೇಟರ್ ಬಿಡಿಸುವುದೇ ಕಷ್ಟ.

1983ರಲ್ಲಿ ಅಮೆರಿಕದ ಕೆಂಟಕಿಯ ವೈದ್ಯರು ಇಂಥ 38 ಜನರನ್ನು ಎರಡು ಗುಂಪು ಮಾಡಿದರು. 20 ಜನರಿಗೆ ರಕ್ತನಾಳದ ಮೂಲಕ, 18 ಜನರಿಗೆ ಮೂಗಿನ ನಳಿಕೆಯ ಮೂಲಕ ಆಹಾರ. ಮೊದಲ ಗುಂಪಿಗೆ ದಿನಕ್ಕೆ ಸರಾಸರಿ 1,750 ಕ್ಯಾಲೊರಿ ಸೇರಿತು. ಎರಡನೆಯದಕ್ಕೆ ಸೇರಿದ್ದು 685 ಮಾತ್ರ. ತಲೆಗೆ ಪೆಟ್ಟಾದಾಗ ಹೊಟ್ಟೆಯೂ ಮಂದವಾಗುತ್ತದೆ, ಹಾಕಿದ್ದು ಮುಂದಕ್ಕೆ ಹೋಗುವುದಿಲ್ಲ. 18 ದಿನದೊಳಗೆ ಎರಡನೆಯ ಗುಂಪಿನಲ್ಲಿ ಎಂಟು ಜನ ತೀರಿಕೊಂಡರು. ಮೊದಲನೆಯದರಲ್ಲಿ ಯಾರೂ ಇಲ್ಲ. ಗುಂಪು ಸಣ್ಣದು, ನಿಜ. ಆದರೆ 2008ರಲ್ಲಿ ನ್ಯೂಯಾರ್ಕ್ ರಾಜ್ಯದ 22 ಆಸ್ಪತ್ರೆಗಳ 797 ರೋಗಿಗಳ ಲೆಕ್ಕವೂ ಅದೇ ದಿಕ್ಕು ತೋರಿಸಿತು. ಐದು ದಿನ ಆಹಾರ ಸಿಗದವರಲ್ಲಿ ಸಾವಿನ ಸಂಭವ ಸುಮಾರು ಎರಡು ಪಟ್ಟು, ಏಳು ದಿನ ಸಿಗದವರಲ್ಲಿ ನಾಲ್ಕು ಪಟ್ಟು. ಎರಡೂ ಹೇಳುವುದು ಒಂದೇ, ಆಹಾರ ಬೇಗ ಮೈಗೆ ಸೇರಬೇಕು. ದಾರಿಯ ಮಟ್ಟಿಗೆ ಈಗ ನಳಿಕೆಯೇ ಮೊದಲ ಆಯ್ಕೆ. ಕರುಳು ಕೆಲಸ ಮಾಡುತ್ತಿದ್ದರೆ ಒಂದೆರಡು ದಿನದಲ್ಲೇ ಶುರುಮಾಡುತ್ತಾರೆ. ಹೊಟ್ಟೆ ತಡೆದುಕೊಳ್ಳದಿದ್ದರೆ ನಳಿಕೆಯನ್ನು ಸಣ್ಣ ಕರುಳಿನವರೆಗೆ ಇಳಿಸುತ್ತಾರೆ.

ನಮ್ಮಲ್ಲಿ ಮನೆಯವರು ಮಾಡುವುದೇನು? ಫ್ಲಾಸ್ಕಿನಲ್ಲಿ ರಾಗಿ ಗಂಜಿ, ಎಳನೀರು. ಪ್ರೀತಿಗೇನೂ ಕೊರತೆಯಿಲ್ಲ, ಕೊರತೆ ಇರುವುದು ಪ್ರೋಟೀನಿನದು. ಇಂಥ ರೋಗಿಗೆ ಮೈತೂಕದ ಕಿಲೋಗೆ ದಿನಕ್ಕೆ ಒಂದೂವರೆಯಿಂದ ಎರಡೂವರೆ ಗ್ರಾಂ ಪ್ರೋಟೀನ್ ಬೇಕು ಅನ್ನುತ್ತವೆ ಐಸಿಯು ಮಾರ್ಗಸೂಚಿಗಳು. 60 ಕಿಲೋ ತೂಕದವರಿಗೆ ಕಡಿಮೆಯೆಂದರೂ 90 ಗ್ರಾಂ ಆಯಿತು. 50 ಗ್ರಾಂ ರಾಗಿಯ ತೆಳು ಗಂಜಿಯಲ್ಲಿ ನಾಲ್ಕು ಗ್ರಾಮೂ ಇರುವುದಿಲ್ಲ. ಒಂದು ಮೊಟ್ಟೆಯಲ್ಲಿ ಸುಮಾರು ಆರು. ಗಂಜಿ ಗಟ್ಟಿ ಮಾಡಿದರೆ ರೈಲ್ಸ್ ಟ್ಯೂಬ್, ಅಂದರೆ ಮೂಗಿನ ನಳಿಕೆ, ಕಟ್ಟಿಕೊಳ್ಳುತ್ತದೆ, ನೀರು ಮಾಡಿದರೆ ಸತ್ವವಿಲ್ಲ! ಡಯಟೀಷಿಯನ್ ಬರೆದುಕೊಟ್ಟ ಲೆಕ್ಕ ಹಿಡಿಯುವುದು ಅದಕ್ಕೇ. ಮಿದುಳಿಗೆ ಶಕ್ತಿ ಕೊಡುತ್ತದೆ ಎಂದು ಮಾರುವ ಪುಡಿಗಳಿಗೆ ದುಡ್ಡು ಸುರಿಯುವ ಬದಲು ಈ ಲೆಕ್ಕ ಸರಿಮಾಡಿಕೊಂಡರೆ ಸಾಕು.

ಫಿಟ್ಸ್ ಬಾರದಿರಲಿ ಎಂದು ಕೊಡುವ ಫೆನಿಟಾಯಿನ್ ಔಷಧವನ್ನು ನಳಿಕೆಯ ಆಹಾರದ ಜೊತೆಗೇ ಹಾಕಿದರೆ ಅದು ರಕ್ತಕ್ಕೆ ಸರಿಯಾಗಿ ಸೇರುವುದಿಲ್ಲ. ಹಾಗಾಗಿ ಎಷ್ಟು ಹೊತ್ತು ಬಿಟ್ಟು ಕೊಡಬೇಕು ಅಂತ ನರ್ಸ್ ಹತ್ತಿರ ಕೇಳಿಕೊಳ್ಳಬೇಕು. ಆಹಾರ ಹಾಕುವಾಗ ತಲೆದಿಂಬಿನ ಕಡೆ 30ರಿಂದ 45 ಡಿಗ್ರಿ ಎತ್ತಿರಬೇಕು. ಇಲ್ಲದಿದ್ದರೆ ಮೇಲೆ ಬಂದದ್ದು ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆದೀತು.

ಎಚ್ಚರವಾದ ಮೇಲೆ, "ಬಾಯಲ್ಲಿ ಒಂದು ತುತ್ತು ಕೊಟ್ಟುಬಿಡೋಣ" ಅನ್ನುವ ಆಸೆ ಎಲ್ಲರಿಗೂ ಇರುತ್ತದೆ. ಎಚ್ಚರ ಬಂದರೂ ನುಂಗುವ ಹತೋಟಿ ಬಂದಿರಬೇಕೆಂದಿಲ್ಲ. ಕೆಮ್ಮೇ ಇಲ್ಲದೆ ನೀರು ಶ್ವಾಸಕೋಶಕ್ಕೆ ಇಳಿಯಬಹುದು. ಅದಕ್ಕೇ ನುಂಗುವ ಪರೀಕ್ಷೆ ಮೊದಲು. ಆಮೇಲೆ ತೆಳು ನೀರಿಗಿಂತ ಮಂದವಾದ ಪದಾರ್ಥ ಎಷ್ಟೋ ಜನಕ್ಕೆ ಸುಲಭ.

ಮನೆಗೆ ಬಂದ ಮೇಲೆ ಇನ್ನೊಂದು ತೊಡಕು. ಪೆಟ್ಟಿನ ರಭಸಕ್ಕೆ ಮೂಗಿನಿಂದ ಮಿದುಳಿಗೆ ಹೋಗುವ ವಾಸನೆಯ ನರದ ಎಳೆಗಳು ಹರಿದಿದ್ದರೆ ಒಗ್ಗರಣೆಯ ಘಮವೇ ತಿಳಿಯುವುದಿಲ್ಲ. ಸಾರು ಬರೀ ಉಪ್ಪು, ಹುಳಿ, ಖಾರ. ತಟ್ಟೆ ತಳ್ಳಿದರೆ ಹಟ ಅಂದುಕೊಳ್ಳಬೇಡಿ. ಮಿದುಳಿನ ಮುಂಭಾಗಕ್ಕೆ ಪೆಟ್ಟಾದ ಕೆಲವರದು ಇದಕ್ಕೆ ಪೂರ್ತಿ ವಿರುದ್ಧ: ಉಂಡದ್ದು ಮರೆತು ಮತ್ತೆ ತಟ್ಟೆ ಹಾಕಿ ಅನ್ನುತ್ತಾರೆ. ಇಬ್ಬರಿಗೂ ವಾರಕ್ಕೊಮ್ಮೆ ತೂಕ ನೋಡಿ ಬರೆದಿಟ್ಟುಕೊಳ್ಳುವುದು ಒಳ್ಳೆಯದು, ಮುಂದಿನ ಭೇಟಿಯಲ್ಲಿ ಡಾಕ್ಟರಿಗೆ ತೋರಿಸಬಹುದು.